ಎಳ್ಳಿನಷ್ಟು ಕಣಜ, ಒಂದು ಕೆಂಪು ಚೀಟಿ

ಯಾವ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ನಾನು ಉಸಿರು ಹಿಡಿಯುತ್ತೇನೆ. ಅದು ಬಳೆಯ ಡಬ್ಬಿಯಾಗಿರಲಿ, ಮಾತ್ರೆಯ ಡಬ್ಬಿಯಾಗಿರಲಿ, ಅಮ್ಮಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯೇ ಆಗಿರಲಿ, ಮುಚ್ಚಳ ಪೂರ್ತಿ ಪಕ್ಕಕ್ಕೆ ಸರಿಯುವವರೆಗೆ ನನ್ನ ಮೂಗಿನಿಂದ ಗಾಳಿ ಹೊರಗೆ ಬರುವುದಿಲ್ಲ. ಲ್ಯಾಬಿನಲ್ಲಿ ಜೊತೆಗೆ ಕೂತು ಊಟ ಮಾಡುವ ಗೆಳತಿಯರು, "ಒಳಗೇನು ಹಾವಿದೆಯೇನೇ?" ಎಂದು ಛೇಡಿಸುತ್ತಾರೆ. ಛೇಡಿಸಲಿ. ಹಾವಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಹಾವು ನಮ್ಮ ಉಸಿರು ತಾಗಿದ ಮಾತ್ರಕ್ಕೆ ಹಾರಿಹೋಗಿ ನೆಲದ ಮೇಲೆ ಎಲ್ಲೋ ಮಾಯವಾಗುವುದಿಲ್ಲ.

ಈ ಅಭ್ಯಾಸದ ಅರ್ಧ ಪಾಲು ಅಬ್ಬನದು. ತುಮಕೂರಿನಲ್ಲಿ ಅವರದೊಂದು ಗಡಿಯಾರ ರಿಪೇರಿ ಅಂಗಡಿ. ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಉಳಿದ ಜಾಗ. ಎದ್ದು ನಿಂತರೆ ತಲೆ ತಗಲುತ್ತದೆ. ಹಾಗಾಗಿ ಅಬ್ಬ ನನಗೆ ಬುದ್ಧಿ ಬಂದಾಗಿನಿಂದ ಕೂತೇ ಇದ್ದಾರೆ. ಶಾಲೆ ಬಿಟ್ಟ ಮೇಲೆ ನಾನು ಅವರ ಎದುರಿನ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣಿಗೆ ಅವರ ಹಳೆಯ ಲೆನ್ಸ್ ಸಿಕ್ಕಿಸಿಕೊಂಡು, ಬಿಚ್ಚಿದ ಗಡಿಯಾರದ ಹೊಟ್ಟೆ ನೋಡುತ್ತಿದ್ದೆ. ಹೊಟ್ಟೆ ಬಿಚ್ಚುವ ಮೊದಲು ಅಬ್ಬ ಹೇಳುತ್ತಿದ್ದುದು ಒಂದೇ ಮಾತು: "ಸಾಂಸ್ ರೋಕ್, ಬೇಟಾ." ಉಸಿರು ಹಿಡಿ ಮಗಳೇ. ಒಂದು ಸಲ ಹಿಡಿಯಲಾಗಲಿಲ್ಲ, ಸೀನು ಬಂತು. ಯಾರದೋ ಮದುವೆಯ ವಾಚಿನ ಒಂದು ಸ್ಕ್ರೂ ಹಾರಿತು. ಮಧ್ಯಾಹ್ನವಿಡೀ ಅಬ್ಬ ಮತ್ತು ನಾನು ಮೊಣಕಾಲೂರಿ, ಅಯಸ್ಕಾಂತ ಹಿಡಿದು, ನೆಲ ಸವರಿದೆವು. ಸಿಗಲಿಲ್ಲ. ಅಬ್ಬ ಬಯ್ಯಲಿಲ್ಲ. "ಇವತ್ತಿಂದ ತುಮಕೂರಿನ ಟೈಮಲ್ಲಿ ಒಂದು ಸ್ಕ್ರೂ ಕಡಿಮೆ" ಎಂದು ನಕ್ಕರು. ನಾನು ಮಾತ್ರ ಆ ರಾತ್ರಿ ಊಟ ಮಾಡಲಿಲ್ಲ.

ಹೆದರಿಕೆ ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದ ಹೆದರಿಕೆಗಳನ್ನು ನಾನು ಪುರಾವೆ ಕೇಳಿ ಓಡಿಸಿದ್ದೆ. ನಮ್ಮ ಬೀದಿಯ ಕೊನೆಯ ಹುಣಸೆ ಮರದಲ್ಲಿ ಜಿನ್ ಇದೆ, ಸುಡುಸುಡು ಮಧ್ಯಾಹ್ನದ ಹೊತ್ತು ಹುಡುಗಿಯರು ಅದರ ಕೆಳಗೆ ಹೋಗಬಾರದು ಎಂದು ಅಮ್ಮಿಯ ತಂಗಿ, ನಮ್ಮ ಖಾಲಾ, ಹೇಳುತ್ತಿದ್ದರು. "ನೀವು ನೋಡಿದ್ದೀರಾ? ನೋಡಿದವರು ಯಾರು? ಅವರನ್ನು ಕರೆಸಿ" ಎಂದು ನಾನು ಸೊಂಟದ ಮೇಲೆ ಕೈ ಇಟ್ಟು ಕೇಳಿದಾಗ ನನಗೆ ಹತ್ತು ವರ್ಷ. ಮರುದಿನ ಸರಿಯಾಗಿ ಹನ್ನೆರಡು ಗಂಟೆಗೆ ಹೋಗಿ ಮರದ ಕೆಳಗೆ ಕೂತು ಹದಿನೇಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿ ಬಂದೆ. ಸಂಜೆಗೆ ಜ್ವರ. ಅದು ಬಿಸಿಲಿಗೆ ಬಂದದ್ದು ಎಂದು ನಾನು, ಜಿನ್ನಿಗೆ ಮಗ್ಗಿ ಇಷ್ಟವಾಗಲಿಲ್ಲ ಎಂದು ಖಾಲಾ. ಆ ವಾದ ಈಗಲೂ ತೀರ್ಮಾನವಾಗಿಲ್ಲ.

ಇಂಥ ಹುಡುಗಿ ಚರ್ಚಾ ಸ್ಪರ್ಧೆಗೆ ಹೋಗದೆ ಇನ್ನೆಲ್ಲಿಗೆ ಹೋದಾಳು? ಕಾಲೇಜಿನಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಉತ್ತರಕ್ಕೆ ನನ್ನ ಉತ್ತರ ಸಿದ್ಧವಿರುತ್ತಿತ್ತು, ಅದೂ ಮೂರು ಅಂಶಗಳಲ್ಲಿ, ಮೂರು ಬೆರಳು ಮಡಚಿ. ನಮ್ಮಲ್ಲಿ ಒಂದು ಪದ್ಧತಿ. ಮೇಷ್ಟ್ರುಗಳು ವಿಷಯಗಳನ್ನು ಚೀಟಿಯಲ್ಲಿ ಬರೆದು ಒಂದು ಗಾಜಿನ ಜಾಡಿಗೆ ಹಾಕುತ್ತಿದ್ದರು. ವಿಷಯವನ್ನೂ ಎತ್ತಬೇಕು, ಪರವೋ ವಿರೋಧವೋ ಎಂಬುದನ್ನೂ ಎತ್ತಬೇಕು. ಕೈಗೆ ಬಂದ ಪಕ್ಷವೇ ನಮ್ಮ ಪಕ್ಷ. ನಂಬುತ್ತೇವೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ.

ಕೊನೆಯ ವರ್ಷ ನನಗೆ ಬಂದ ವಿಷಯ: "ಕಾಲೇಜಿಗೆ ಪ್ರಾಣಿಶಾಸ್ತ್ರದ ಮ್ಯೂಸಿಯಂ ಅನಗತ್ಯ." ಪಕ್ಷ: ಪರ. ಆ ಮ್ಯೂಸಿಯಂ ಎಂದರೆ ಒಂದು ಕತ್ತಲೆ ಕೊಠಡಿ, ನುಸಿಗುಳಿಗೆಯ ವಾಸನೆ, ನಾಲ್ಕು ಬೀರು, ಅದರೊಳಗೆ ಹುಳು ಚುಚ್ಚಿಟ್ಟ ಗಾಜಿನ ಪೆಟ್ಟಿಗೆಗಳು. ನಾನು ಒಳಗೆ ಹೋಗಿದ್ದೇ ಎರಡು ಸಲ. ಆದರೂ ವೇದಿಕೆಯ ಮೇಲೆ ನಿಂತು ಹೇಳಿದೆ: "ಸತ್ತ ಹುಳುಗಳಿಗೆ ನಾಲ್ಕು ಬೀರು ಇರುವ ಕೊಠಡಿ; ಬದುಕಿರುವ ಹುಡುಗಿಯರಿಗೆ ಹೊಟ್ಟೆನೋವು ಬಂದರೆ ಕೂರಲು ಒಂದು ಬೆಂಚಿಲ್ಲ!" ಸಭಾಂಗಣ ಎದ್ದು ಕುಣಿಯಿತು. ಅಧ್ಯಕ್ಷತೆ ವಹಿಸಿದ್ದ ಪ್ರಿನ್ಸಿಪಾಲರು ಮುಖ ಒರೆಸಿಕೊಂಡರು. ಮೂರನೆಯ ಸಾಲಿನಲ್ಲಿ ನಮ್ಮ ಪ್ರಾಣಿಶಾಸ್ತ್ರದ ಗಂಗಾಧರಯ್ಯ ಮೇಷ್ಟ್ರು ಕೂತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ವಾರಕ್ಕೆರಡು ದಿನ ಬಂದು ಪಾಠ ಮಾಡಿ ಹೋಗುತ್ತಿದ್ದವರು, ಆ ಮ್ಯೂಸಿಯಂ ಕಟ್ಟಿದವರು. ಅವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಒಂದೇ ವಾರದಲ್ಲಿ ಕೊಠಡಿ ಖಾಲಿಯಾಗಿ ಹುಡುಗಿಯರ ವಿಶ್ರಾಂತಿ ಕೋಣೆಯಾಯಿತು. ಉಳಿದ ಆರು ತಿಂಗಳು ನಾನು ಅಲ್ಲಿಯ ಕನ್ನಡಿಯ ಮುಂದೆ, ಗೆದ್ದವರ ಠೀವಿಯಲ್ಲಿ ತಲೆ ಬಾಚಿಕೊಂಡೆ.

ಇನ್ನು ಆ ಅಭ್ಯಾಸದ ಉಳಿದರ್ಧ ಪಾಲಿಗೆ, ಕಣಜಕ್ಕೆ ಬರುತ್ತೇನೆ. ಈಗ ನಾನು ಒಂದು ಲ್ಯಾಬಿನಲ್ಲಿ ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿನ ಶತ್ರುಗಳ ಮೇಲೆ ಕೆಲಸ ಮಾಡುತ್ತೇನೆ. ಆ ಶತ್ರುಗಳಲ್ಲಿ ಒಂದು ಪರಾವಲಂಬಿ ಕಣಜ. ಎಳ್ಳುಕಾಳಿನಷ್ಟಿದೆ. ಹುಳುವಿನ ಮೈಗೆ ಮೊನೆ ಚುಚ್ಚಿ ಅಲುಗಾಡದಂತೆ ಮಾಡುತ್ತದೆ, ಅದರ ಮೇಲೆಯೇ ಮೊಟ್ಟೆ ಇಡುತ್ತದೆ, ಮರಿಗಳು ಹುಳುವನ್ನು ಜೀವಂತವಾಗಿಯೇ ಹೀರುತ್ತವೆ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದಾಗ, ಖಾಲಾ ಹೇಳುತ್ತಿದ್ದ ಜಿನ್ ಎಷ್ಟೋ ಸಭ್ಯ ಅನ್ನಿಸಿತು.

ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಕೆಳಗಿನ ತೋಟಗಳಲ್ಲಿ ನಾನು ಹಿಡಿದ ಕಣಜಗಳನ್ನು ನೋಡಿ ನನ್ನ ಗೈಡ್ ಮೇಡಂ ಹುಬ್ಬು ಗಂಟಿಕ್ಕಿದರು. "ಇದು ಹೊಸ ಜಾತಿಯೋ, ನಲವತ್ತು ವರ್ಷದ ಹಿಂದೆ ಅದೇ ಕಡಬದಿಂದ ಹೆಸರಿಟ್ಟ ಜಾತಿಯೋ? ಲಕ್ಷಗಟ್ಟಲೆ ಸಾಕಿ ತೋಟಗಳಿಗೆ ಬಿಡೋದು. ಬೇರೆ ಜಾತಿ ಬಿಟ್ಟರೆ ಹುಳು ಹಾಗೇ ಇರುತ್ತೆ, ತೆಂಗು ಹೋಗುತ್ತೆ. ಹೋಲೋಟೈಪ್ ನೋಡದೆ ನಾನು ಸಹಿ ಹಾಕಲ್ಲ."

ಹೋಲೋಟೈಪ್ ಎಂದರೆ ಏನು ಎಂದು ಅಬ್ಬನಿಗೆ ನಾನು ಹೀಗೆ ವಿವರಿಸಿದ್ದೆ: ಊರಿನ ಎಲ್ಲ ಗಡಿಯಾರಗಳೂ ಯಾವ ಒಂದು ಗಡಿಯಾರ ನೋಡಿ ಮುಳ್ಳು ಸರಿಮಾಡಿಕೊಳ್ಳಬೇಕೋ, ಆ ಗಡಿಯಾರ. ಒಂದು ಜೀವಿಗೆ ಹೆಸರಿಡುವಾಗ ಒಂದೇ ಒಂದು ಮಾದರಿಯನ್ನು ಆರಿಸಿ, ಕೆಂಪು ಚೀಟಿ ಚುಚ್ಚಿ, ಮ್ಯೂಸಿಯಂನಲ್ಲಿ ಇಡುತ್ತಾರೆ. ಹೆಸರು ನಿಂತಿರುವುದು ಆ ಒಂದು ದೇಹದ ಮೇಲೆ. "ಅದು ಕಳೆದಿದ್ದರೆ?" ಎಂದು ಮೇಡಂಗೆ ಕೇಳಿದೆ. "ಅದೇ ಊರಿಂದ ಇನ್ನೊಂದನ್ನು ಆರಿಸಬಹುದು. ಆದರೆ ಹಳೆಯದು ಏನಾಯಿತು ಅಂತ ಪತ್ತೆ ಮಾಡಿ ಬರೀಲೇಬೇಕು. ಇದೇನು ಕಥೆಯಲ್ಲ."

ಹಳೆಯ ಪ್ರಬಂಧವನ್ನು ಹುಡುಕಿ ತೆಗೆದೆ. ಮೂರು ಪುಟ. ಬರೆದವರ ಹೆಸರು ನೋಡಿ ಒಂದು ಸಲ ಕಣ್ಣುಜ್ಜಿಕೊಂಡೆ: ನಮ್ಮ ಗಂಗಾಧರಯ್ಯ ಮೇಷ್ಟ್ರು. ಮೂರು ವರ್ಷ ಪಾಠ ಮಾಡಿದವರು, ಒಂದು ದಿನವೂ ಹೇಳಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಹೋಲೋಟೈಪ್ ಇರುವ ಜಾಗ. ತುಮಕೂರು. ನನ್ನ ಕಾಲೇಜು. ಪ್ರಾಣಿಶಾಸ್ತ್ರದ ಮ್ಯೂಸಿಯಂ.

ನಾನು ತಲೆ ಬಾಚಿಕೊಂಡ ಆ ಕನ್ನಡಿ ನೆನಪಾಯಿತು. ಕನ್ನಡಿ ನೇತುಹಾಕಿದ್ದ ಗೋಡೆಗೆ ಒರಗಿದ್ದ ಬೀರು ಯಾವುದು? ಅದರಲ್ಲಿ ಏನಿತ್ತು? ಎಲ್ಲಿಗೆ ಹೋಯಿತು?

ಮಾರನೆಯ ದಿನವೇ ತುಮಕೂರಿಗೆ ಹೊರಟೆ. ಬಸ್ಸಿನಲ್ಲಿ ಮೂರು ಅಂಶ ಸಿದ್ಧಮಾಡಿಕೊಂಡೆ. ಒಂದು: ವಿಷಯ ನಾನು ಆರಿಸಿದ್ದಲ್ಲ. ಎರಡು: ತೀರ್ಮಾನ ಪ್ರಿನ್ಸಿಪಾಲರದು. ಮೂರು: ಹುಡುಗಿಯರಿಗೆ ಕೋಣೆ ನಿಜವಾಗಿಯೂ ಬೇಕಿತ್ತು. ಮೂರೂ ಗಟ್ಟಿ ಅಂಶಗಳು. ಮೂರರಲ್ಲಿ ಒಂದೂ ನನ್ನನ್ನೇ ಒಪ್ಪಿಸಲಿಲ್ಲ.

ಕಾಲೇಜಿನಲ್ಲಿ ವಿಶ್ರಾಂತಿ ಕೋಣೆ ನೋಡಿಕೊಳ್ಳುವ ಜಯಮ್ಮ ಹೊಸಬರು, ನನ್ನ ಗುರುತಿಲ್ಲ. ಬೀರುಗಳ ವಿಷಯ ಕೇಳಿದ್ದಕ್ಕೆ ಕಾಲು ಚಾಚಿಕೊಂಡೇ ಹೇಳಿದರು: "ಅಯ್ಯೋ, ಅವಾ? ಕೆಲ್ಸಕ್ಕೆ ಬರಲ್ಲ ಅಂತ ಕಂಡಮ್ ಮಾಡಿ ಗುಬ್ಬಿ ಹೈಸ್ಕೂಲಿಗೆ ಕಳ್ಸುದ್ರಂತಲ್ಲಮ್ಮ. ಯಾವಳೋ ಒಬ್ಳು ಹುಡ್ಗಿ ಸ್ಟೇಜ್ ಮೇಲೆ ನಿಂತ್ಕಂಡು ಬಾಯ್ ಮಾಡುದ್ಲಂತೆ, ಪ್ರಿನ್ಸಿಪಾಲ್ರು ಒಂದೇ ವಾರಕ್ಕೆ ಖಾಲಿ ಮಾಡ್ಸುದ್ರಂತೆ. ಒಳ್ಳೇದಾಯ್ತು ಬುಡಿ, ನಮಗೂ ಬೆನ್ ಒರಗ್ಸಕ್ಕೆ ಜಾಗ ಆಯ್ತು."

"ಆ ಹುಡುಗಿ ಯಾರು ಅಂತ ಗೊತ್ತಾ?" ಎಂದೆ.

"ಯಾರಿಗ್ಗೊತ್ತು? ಅಂಥ ಬಾಯಿಗೆ ಎಲ್ಲೋ ಲಾಯರ್ ಆಗಿರ್ಬೇಕು."

ಗುಬ್ಬಿಗೆ ಹೋಗುವ ಮುನ್ನ ಅಬ್ಬನ ಅಂಗಡಿಗೆ ಹೋಗಿ, ಒಳಗೆ ಮೆತ್ತೆ ಇರುವ ವಾಚಿನ ಖಾಲಿ ಡಬ್ಬಿಯೊಂದನ್ನು ಇಸಿದುಕೊಂಡೆ. ಸಿಕ್ಕರೆ ಇಟ್ಟುಕೊಂಡು ಬರಲು. ಸಿಗುತ್ತದೆ ಎಂಬ ನಂಬಿಕೆ ನನಗಿರಲಿಲ್ಲ, ಡಬ್ಬಿಗಿದ್ದಿರಬಹುದು.

ಗುಬ್ಬಿಯ ಶಾಲೆಯಲ್ಲಿ ವಿಜ್ಞಾನದ ಲೋಕೇಶ್ ಸರ್ ಮದುಮಗನನ್ನು ಎದುರುಗೊಳ್ಳುವ ಹಾಗೆ ನನ್ನನ್ನು ಕರೆದುಕೊಂಡು ಹೋದರು. "ಬನ್ನಿ ಮೇಡಂ, ನೋಡಿ ಹೆಂಗ್ ಮಡಗಿದೀವಿ. ಬಂದಾಗ ಬರೀ ಧೂಳು ಹಿಡ್ದಿತ್ತು."

ಗಾಜಿನ ಪೆಟ್ಟಿಗೆಗಳು ಫಳಫಳ ಹೊಳೆಯುತ್ತಿದ್ದವು. ಒಳಗೆ ಚಿಟ್ಟೆಗಳು, ದುಂಬಿಗಳು, ಒಂದೊಂದರ ಕೆಳಗೂ ಸ್ಕೆಚ್ ಪೆನ್ನಿನಲ್ಲಿ ಬರೆದ ದುಂಡು ಅಕ್ಷರದ ಚೀಟಿ: ಚಿಟ್ಟೆ. ಚಿಟ್ಟೆ. ದುಂಬಿ. ಇನ್ನೊಂದು ಚಿಟ್ಟೆ.

"ಹಳೆಯ ಚೀಟಿಗಳು ಎಲ್ಲಿ ಸರ್?"

"ತೆಗ್ಸಿಬಿಟ್ಟೆ. ಎಲ್ಲ ಹಳದಿ ಆಗಿದ್ವು, ಅಕ್ಷರ ನೋಡುದ್ರೆ ಇರುವೆ ಸಾಲು. ಇನ್ಸ್‌ಪೆಕ್ಷನ್‌ಗೆ ಬಂದೋರಿಗೆ ಓದಕ್ಕಾಗ್ಬೇಕಲ್ವಾ?"

ಊರು, ದಿನ, ಹಿಡಿದವರ ಹೆಸರು ಎಲ್ಲವೂ ಆ ಹಳದಿ ಚೀಟಿಗಳಲ್ಲಿದ್ದವು. ಅವಿಲ್ಲದ ಹುಳು ಬರೀ ಹುಳು. ನಾನು ಬೆರಳಿನಲ್ಲಿ ಅಳತೆ ತೋರಿಸಿದೆ. "ಸರ್, ತುಂಬಾ ಸಣ್ಣವಿದ್ವು. ಒಂದು ಪಿನ್ನು, ಅದರ ಮೇಲೆ ತ್ರಿಕೋನವಾಗಿ ಕತ್ತರಿಸಿದ ಒಂದು ಚೂರು ಕಾಗದ, ಕಾಗದದ ತುದಿಗೆ ಅಂಟಿಸಿದ..."

"ಓ, ಆ ಹುಳ ಇಲ್ದಿರೋ ಪಿನ್ನುಗಳಾ?"

"ಹುಳ ಇತ್ತು ಸರ್."

"ಇರ್ಲಿಲ್ಲ ಮೇಡಂ, ನಾನೇ ಕಣ್ಣಾರೆ ನೋಡಿದೀನಿ. ಪೇಪರ್ ಮೇಲೆ ಒಂದು ಚುಕ್ಕಿ ಇತ್ತು ಅಷ್ಟೇ. ಪಿನ್ನು ಮಾತ್ರ ಬಲು ಚೆನ್ನಾಗಿದ್ವು, ಒಂದಕ್ಕೂ ತುಕ್ಕಿಲ್ಲ. ಪೇಪರ್ ಕಿತ್ತಾಕಿ ಆಗಸ್ಟ್ ಹದಿನೈದಕ್ಕೆ ಮಕ್ಕಳ ಜೇಬಿಗೆ ಬಾವುಟ ಚುಚ್ಚಿದ್ವಿ. ಏನ್ ಚೆನ್ನಾಗ್ ಕಾಣ್ತಿದ್ವು ಅಂತೀರಾ!"

ನಗಬೇಡಿ. ನನಗೂ ನಗು ಬರುತ್ತಿತ್ತು. ಗುಬ್ಬಿಯ ಮಕ್ಕಳು ನೆಟ್ಟಗೆ ನಿಂತು ಬಾವುಟಕ್ಕೆ ವಂದಿಸುತ್ತಿದ್ದಾಗ, ಅವರ ಕಾಲಡಿಯಲ್ಲೋ ಕಸದ ಬುಟ್ಟಿಯಲ್ಲೋ ಒಂದು ಜಾತಿಯ ಹೆಸರು ಪುಡಿಯಾಗುತ್ತಿತ್ತು. ಅದಕ್ಕೆ ಕಾರಣ ಯಾರು? ಅಷ್ಟು ಚೆಂದವಾಗಿ ಕನ್ನಡಕ ಒರೆಸುತ್ತ ನಿಂತಿದ್ದ ಲೋಕೇಶ್ ಸರ್ ಅಲ್ಲ.

"ಒಂದರಲ್ಲಾದರೂ... ಕೆಂಪು ಚೀಟಿ ಇತ್ತಾ ಸರ್?"

"ಹ್ಞಾಂ! ಒಂದ್ರಲ್ಲಿತ್ತು." ಅವರ ಮುಖ ಗಂಭೀರವಾಯಿತು. "ಅದನ್ನ ಮಕ್ಕಳಿಗೆ ಕೊಡ್ಲಿಲ್ಲ ಮೇಡಂ. ಕೆಂಪು ಅಂದ್ರೆ ಡೇಂಜರ್ ಅಲ್ವಾ? ವಿಷ ಗಿಷ ಹಾಕಿದಾರೇನೋ ಅಂತ ಆಸಿಡ್ ಬೀರುನಲ್ಲಿ ಇಟ್ಟು ಬೀಗ ಹಾಕಿದೀನಿ."

ಆ ಬೀರುವಿನ ಬೀಗ ತೆಗೆಯಲು ಅವರು ತೆಗೆದುಕೊಂಡ ಹೊತ್ತು ನನ್ನ ಮೂರು ವರ್ಷದ ಡಿಗ್ರಿಗಿಂತ ಉದ್ದವಿತ್ತು. ಆಸಿಡ್ ಸೀಸೆಗಳ ಹಿಂದೆ, ಒಂದು ಚೂರು ಥರ್ಮಾಕೋಲಿಗೆ ಚುಚ್ಚಿ ನಿಂತಿತ್ತು ಪಿನ್ನು. ಕೆಂಪು ಚೀಟಿ ಮಾಸಿ ಇಟ್ಟಿಗೆ ಬಣ್ಣವಾಗಿತ್ತು. ಮೇಲೆ ತ್ರಿಕೋನದ ತುದಿಯಲ್ಲಿ ಆ ಚುಕ್ಕಿ. ಸ್ವೀಕೃತಿಪತ್ರ ಬರೆದುಕೊಟ್ಟು ಡಬ್ಬಿಗೆ ಇಳಿಸಿಕೊಂಡೆ. ಲೋಕೇಶ್ ಸರ್ ಗೇಟಿನವರೆಗೂ ಬಂದು, "ಕೈ ತೊಳ್ಕೊಳಿ ಮೇಡಂ, ಮರೀಬೇಡಿ" ಎಂದರು.

ಗುಬ್ಬಿಯಿಂದ ತುಮಕೂರಿಗೆ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ಹಾರಿದಾಗಲೆಲ್ಲ ನಾನೂ ಸೀಟಿನಿಂದ ಅರ್ಧ ಎದ್ದು, ತೂಗುತ್ತ ಬಂದೆ. ಪಕ್ಕದ ಅಜ್ಜಿ, "ಏನ್ಲೇ ಅದು, ದೇವರಾ?" ಎಂದು ಕೇಳಿದರು. ಹೌದೆಂದುಬಿಟ್ಟೆ. ಪುರಾವೆ ಕೇಳಲಿಲ್ಲ, ಪುಣ್ಯಾತ್ಮರು. ಅಂಗಡಿಯಲ್ಲಿ ಅಬ್ಬ ಲೆನ್ಸ್ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಎಷ್ಟು ನೀಟಾಗಿದೆ ಬೇಟಾ. ಕಾಲು ಎಲ್ಲ ಇದೆ. ಮುಂದಿನ ಎರಡು ಮೀಸೇನೂ ಪೂರ್ತಿ ಇದೆ. ಯಾರೋ ಒಳ್ಳೇ ಕೆಲಸಗಾರ ಅಂಟಿಸಿರೋದು."

ನಾನೂ ನೋಡಿದೆ. ನೂಲಿಗಿಂತ ಸಣ್ಣ ಎರಡು ಮೀಸೆಗಳು, ಅಂದರೆ ಆಂಟೆನಾಗಳು, ಒಂದರ ಪಕ್ಕ ಒಂದು, ತುದಿಯವರೆಗೆ. ಕಣ್ಣು ತುಂಬಿತು. ಇನ್ನು ಮೇಷ್ಟ್ರು ಈಗಿರುವ ಕುಣಿಗಲ್ಲಿಗೆ ಹೋಗಿ ಅವರ ಕೈಗೆ ಇದನ್ನು ಕೊಟ್ಟು ಆಮೇಲೆ ನನ್ನ ತಪ್ಪು ಹೇಳಿಕೊಂಡರಾಯಿತು. ಮೊದಲು ಸಿಹಿ, ಆಮೇಲೆ ಕಹಿ. ಇದೂ ಒಂದು ಚರ್ಚೆಯ ಉಪಾಯವೇ.

ಕುಣಿಗಲ್ ಬಸ್ಸು ಹೆಬ್ಬೂರು ದಾಟುವಾಗ, ಮೇಷ್ಟ್ರಿಗೆ ಓದಿ ಹೇಳೋಣವೆಂದು ಫೋನಿನಲ್ಲಿ ಅವರ ಪ್ರಬಂಧ ತೆಗೆದೆ. ಹತ್ತು ಸಲ ಓದಿದ್ದದ್ದೇ. ಕೊನೆಯ ಸಾಲು, ಅಳತೆಗಳ ನಂತರ, ಯಾರೂ ಓದದ ಜಾಗದಲ್ಲಿ ಹೀಗಿತ್ತು: ಹೋಲೋಟೈಪಿನ ಎಡ ಮೀಸೆಯ ತುದಿ ಮುರಿದಿದೆ.

ಇನ್ನೊಮ್ಮೆ ಓದಿದೆ. ಡಬ್ಬಿ ತೊಡೆಯ ಮೇಲಿತ್ತು. ತೆರೆದು ನೋಡಲು ಧೈರ್ಯ ಬರಲಿಲ್ಲ.

ಸತ್ತ ಕಣಜಕ್ಕೆ ಮೀಸೆ ಬೆಳೆಯುವುದಿಲ್ಲ. ಹುಣಸೆ ಮರದ ಕೆಳಗೆ ಬರದ ನಡುಕ ಹೆಬ್ಬೂರಿನ ಬಿಸಿಲಿನಲ್ಲಿ ಬಂತು. ಪಿನ್ನು ಅದೇ, ಕೆಂಪು ಚೀಟಿ ಅದೇ, ಚೀಟಿಯ ಮೇಲಿನ ಅಕ್ಷರ ಮೇಷ್ಟ್ರದೇ. ಪರೀಕ್ಷೆಯ ಪೇಪರಿನ ಮೇಲೆ ಮೂರು ವರ್ಷ ನೋಡಿದ ಅಕ್ಷರ. ಮೇಲಿರುವ ದೇಹ ಮಾತ್ರ ಬೇರೆ. ಗುಬ್ಬಿಯವರಿಗೆ ಅದು ಹುಳು ಎಂದೇ ಗೊತ್ತಿರಲಿಲ್ಲ. ಹಾಗಾದರೆ ಬದಲಾಯಿಸಿದವರು ಯಾರು? ಸುಲಭವಾದ ವಾದ. ಒಂದೇ ಅಂಶ ಸಾಕು, ಮೂರು ಬೇಡ. ಗೆಲ್ಲಬಹುದಾದ ಒಂದು ವಾದ ನನ್ನ ಕೈಗೆ ಬಂದಿತ್ತು, ಮತ್ತು ಜೀವನದಲ್ಲಿ ಮೊದಲ ಸಲ ನಾನು ವಾದವೇ ಬೇಡ, ಬಸ್ಸು ಕೆಟ್ಟು ನಿಲ್ಲಲಿ ಎಂದು ಹಾರೈಸುತ್ತಿದ್ದೆ.

ಬಸ್ಸು ಕೆಡಲಿಲ್ಲ. ಕೆಡಬೇಕೆಂದಾಗ ಅವು ಕೆಡುವುದಿಲ್ಲ.

ಕುಣಿಗಲ್ ಕೆರೆಯ ಏರಿಗೆ ಹತ್ತಿರ ಮೇಷ್ಟ್ರ ಮಗಳು ಲತಾ ಅವರ ಮನೆ, ಮೇಷ್ಟ್ರು ಅಲ್ಲೇ ಇದ್ದರು. ಲತಾ ಟ್ಯೂಷನ್ ಹೇಳುತ್ತಾರೆ, ವರಾಂಡದ ತುಂಬ ಚಪ್ಪಲಿಗಳು, ಒಳಗೆ ಮಕ್ಕಳ ಗಲಾಟೆ. ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದವರು ನನ್ನನ್ನು ನೋಡಿ ಅರಳಿದರು. "ಬಾರಮ್ಮ ಮುಬೀನಾ, ಬಾ! ಏನು, ಇವತ್ತು ಯಾರ ಮೇಲೆ ವಾದಕ್ಕೆ ಹೊರಟಿದೀಯ?"

ಡಬ್ಬಿ ಚೀಲದಲ್ಲೇ ಇತ್ತು. ಸಿಹಿ ಮೊದಲು ಎಂಬ ಉಪಾಯ ಸತ್ತಿದ್ದರಿಂದ ಕಹಿಯನ್ನೇ ಹೇಳಿದೆ. ಒಂದೇ ಉಸಿರಿನಲ್ಲಿ, ಬೆರಳು ಮಡಚದೆ. ಚರ್ಚೆ, ನನ್ನ ಭಾಷಣ, ಬೀರು, ಗುಬ್ಬಿ, ಬಾವುಟದ ಪಿನ್ನುಗಳು. "ನಿಮ್ಮ ಮ್ಯೂಸಿಯಂ ಹಾಳಾಗಿದ್ದು ನನ್ನಿಂದ ಸಾರ್. ಅದರಲ್ಲಿ ಏನಿದೆ ಅಂತ ಒಂದು ದಿನವೂ ನೋಡಿರಲಿಲ್ಲ."

ಮೇಷ್ಟ್ರು ಪೇಪರು ಮಡಚಿದರು. "ಆ ಟಾಪಿಕ್ ಜಾಡಿಗೆ ಹಾಕಿದ್ದು ನಾನೇ ಕಣಮ್ಮ."

"ಸಾರ್?"

"ನಾನೇ. ಯಾರ ಕೈಗಾದ್ರೂ ಸಿಗ್ಲಿ, ಯಾರಾದ್ರೂ ಒಬ್ಬರು ಗಟ್ಟಿಯಾಗಿ ಹೇಳ್ಲಿ ಅಂತ. ನಿನ್ನ ಕೈಗೇ ಸಿಕ್ತು. ಅವತ್ತು ಎದ್ದು ನಿಂತು ಚಪ್ಪಾಳೆ ಹೊಡ್ದಿದ್ದು ನಿನ್ನ ಭಾಷಣಕ್ಕಲ್ಲ." ಅವರು ಕಿಟಕಿಯ ಕಡೆ ನೋಡಿದರು. "ಹೋಗ್ಲಿ ಬಿಡು. ಹೋಗಿದ್ದು ಹೋಯ್ತು. ಆ ಪಿನ್ನುಗಳಲ್ಲಿ ಒಂದೂ ಉಳೀಲಿಲ್ವಾ?"

ಆ ಪ್ರಶ್ನೆಯಲ್ಲಿ ಆಸೆ ಇತ್ತು. ಆದರೆ ಸಿಗಲಿ ಎಂಬ ಆಸೆ ಅಲ್ಲ. ನಾನು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಸರಿಸಿದೆ. ಕೆಂಪು ಚೀಟಿ ಕಂಡಿತು.

ಮನುಷ್ಯರ ಮುಖಕ್ಕೆ ಅಷ್ಟು ಬೇಗ ವಯಸ್ಸಾಗುವುದನ್ನು ನಾನು ನೋಡಿರಲಿಲ್ಲ. ಅವರು ಬಗ್ಗಿ ನೋಡಲಿಲ್ಲ, ಕೈ ಚಾಚಲಿಲ್ಲ. "ಸಿಕ್ತಾ?" ಎಂದರು, ಕೋರ್ಟಿನಿಂದ ಸಮನ್ಸ್ ಬಂದವರ ಧ್ವನಿಯಲ್ಲಿ.

"ಎರಡೂ ಮೀಸೆ ಇದೆ ಸಾರ್," ಎಂದೆ.

ಲತಾ ಎರಡು ಲೋಟ ಕಾಫಿ ತಂದಿಟ್ಟು ನಮ್ಮಿಬ್ಬರ ಮುಖ ನೋಡಿ ಏನೂ ಕೇಳದೆ ಹೋದರು. ಮೇಷ್ಟ್ರು ಕಾಫಿ ಮುಟ್ಟಲಿಲ್ಲ. ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು:

"ಪ್ರಬಂಧ ಅಚ್ಚಾಗಿ ಬಂದಿತ್ತು. ಆ ಖುಷೀಲಿ ಕೆಂಪು ಚೀಟಿ ಚುಚ್ಚೋಣ ಅಂತ ಪಿನ್ನು ಕೈಗೆ ತಗೊಂಡೆ. ಕಣಜ ಅಂಟಿಸಿದ್ದ ಕಾಗದದ ಕಾರ್ಡು ಜಾರಿ ಕೆಳಗೆ ಬಿತ್ತು. ಹುಡುಕೋಣ ಅಂತ ಕುರ್ಚಿ ಹಿಂದಕ್ಕೆ ಎಳ್ದೆ. ಅಷ್ಟೇ. ಕುರ್ಚಿ ಕಾಲಿನ ಕೆಳಗೆ ಒಂದು ಕಲೆ ಉಳೀತು. ಯಾರಿಗೂ ಹೇಳ್ಲಿಲ್ಲ. ಮುಂದಿನ ಭಾನುವಾರ ಕಡಬಕ್ಕೆ ಹೋಗಿ ಅದೇ ತೋಟದಿಂದ ಇನ್ನೊಂದು ಹಿಡ್ಕೊಂಡು ಬಂದು ಅಂಟಿಸಿದೆ. ಅದೇ ಜಾತಿ ಅಂದ್ಕೊಂಡೆ. ಆಮೇಲೆ ಅನುಮಾನ ಬಂತು. ಮೀಸೆ ನೆನಪಾಯ್ತು. ಮುರಿಯೋಣ ಅಂತ ಚಿಮಟ ತಗೊಂಡೆ ಕಣಮ್ಮ."

"ಮುರಿಯಲಿಲ್ಲ."

"ಕೈ ಬರ್ಲಿಲ್ಲ. ಸುಳ್ಳು ಚೀಟಿ ಚುಚ್ಚಕ್ಕೆ ಬಂದ ಕೈ, ಅದಕ್ಕೆ ಬರ್ಲಿಲ್ಲ. ಆವತ್ತಿಂದ ಪೋಸ್ಟ್‌ಮ್ಯಾನ್ ಕಂಡ್ರೆ ಭಯ. ನೋಡ್ಬೇಕು, ಕಳ್ಸಿ ಅಂತ ಹೊರದೇಶದಿಂದ ಒಂದು ಕಾಗದ ಬಂತು. ಅಂಚೇಲಿ ಒಡೆಯುತ್ತೆ ಅಂತ ಬರ್ದೆ. ಇನ್ನೊಂದು ಬಂತು. ಉತ್ತರಾನೇ ಬರೀಲಿಲ್ಲ. ಮ್ಯೂಸಿಯಂ ಹೋದ್ರೆ ಇದೂ ಹೋಗುತ್ತೆ ಅಂತಲೇ ಆ ಟಾಪಿಕ್ ಹಾಕಿದ್ದು." ಅವರ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. "ನೀನೀಗ 'ಮ್ಯೂಸಿಯಂ ಮುಚ್ಚಿದ್ರು, ಹೋಲೋಟೈಪ್ ಕಳ್ದೋಯ್ತು' ಅಂತ ಬರೆದ್ರೆ ಯಾರೂ ಏನೂ ಕೇಳಲ್ಲ. ಅದು ಸುಳ್ಳೂ ಅಲ್ಲ."

ಅಲ್ಲ, ಸುಳ್ಳಲ್ಲ. ವಾದವಾಗಿ ನೋಡಿದರೆ ಅದರಲ್ಲಿ ಒಂದು ಬಿರುಕೂ ಇಲ್ಲ. ಅವರ ತಪ್ಪಿನ ಮೇಲೆ ನನ್ನ ತಪ್ಪು ಮುಚ್ಚಳದಂತೆ ಕೂರುತ್ತದೆ, 'ಮುಚ್ಚಿದರು' ಎಂಬ ಒಂದು ಪದದಲ್ಲಿ ನಾನೂ ಮರೆಯಾಗುತ್ತೇನೆ. ಇಬ್ಬರೂ ಬದುಕಿಕೊಳ್ಳುತ್ತೇವೆ. ಕಣಜಕ್ಕೆ ಹೇಗೂ ಬಾಯಿಲ್ಲ. ಮಾತಾಡಿದರೆ ಒಪ್ಪಿಕೊಂಡುಬಿಡುತ್ತೇನೆ ಎಂದು ಭಯವಾಯಿತು.

ಮೇಷ್ಟ್ರು ಎದ್ದರು. ಡಬ್ಬಿ ಎತ್ತಿಕೊಂಡರು. "ಒಂದು ನಿಮಿಷ" ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಒಂದು ನಿಮಿಷವನ್ನು ಏನೆಂದು ಹೇಳಲಿ? ಒಳಗೆ ಡ್ರಾಯರ್ ಎಳೆದ ಸದ್ದು. ಲೋಹ ಗಾಜಿಗೆ ತಾಗಿದ ಸದ್ದು. ಚಿಮಟ. ಆ ದಿನ ಬರದ ಕೈ ಇಷ್ಟು ವರ್ಷದ ಮೇಲೆ ಈಗ ಬರಬಹುದು. ಎಡ ಮೀಸೆಯ ತುದಿ ಒಂದನ್ನು ಚಿವುಟಿದರೆ ಸಾಕು, ಪ್ರಬಂಧಕ್ಕೂ ಕಣಜಕ್ಕೂ ತಾಳೆಯಾಗುತ್ತದೆ, ಮತ್ತು ನಾನು ನೋಡಿದ್ದು, ಅಬ್ಬ ನೋಡಿದ್ದು, ಬರೀ ಮಾತಾಗುತ್ತದೆ. ಪುರಾವೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಏನಿದೆ? ಅಬ್ಬನ ಅಂಗಡಿಯಲ್ಲಿ ಫೋನಿನಿಂದ ತೆಗೆದ ಒಂದು ಮಸುಕು ಚುಕ್ಕಿಯ ಚಿತ್ರ. ಎದ್ದು ಬಾಗಿಲಿನವರೆಗೆ ಹೋದೆ. ಬಾಗಿಲ ಮೇಲೆ ಕೈ ಇಟ್ಟೆ. ತಳ್ಳಲಿಲ್ಲ. ತಳ್ಳಿ ಅವರನ್ನು ಹಿಡಿದರೆ ಆಮೇಲೆ ಅವರ ಮುಖವನ್ನು ಯಾವ ಮುಖದಿಂದ ನೋಡುವುದು? ಪಕ್ಕದ ಕೋಣೆಯಲ್ಲಿ ಮಕ್ಕಳು ಇಂಗ್ಲಿಷ್ ಪದ್ಯ ಒಪ್ಪಿಸುತ್ತಿದ್ದರು. ಲತಾ ಬಂದು ಪಿಸುಗುಟ್ಟಿದರು: "ಅಪ್ಪಂಗೇನಾಯ್ತು? ಬಾಗಿಲು ಯಾವತ್ತೂ ಹಾಕ್ಕೊಳ್ಳಲ್ವಲ್ಲ?"

ಬಾಗಿಲು ತೆರೆಯಿತು. ಮೇಷ್ಟ್ರು ಡಬ್ಬಿ ನನ್ನ ಕೈಗೆ ಕೊಟ್ಟು, ತಮ್ಮ ಹಳೆಯ ಲೆನ್ಸನ್ನೂ ಕೊಟ್ಟರು.

"ನೋಡು."

"ಬೇಡ ಸಾರ್, ನೀವು ಹೇಳಿ ಸಾಕು."

"ನಾನು ಹೇಳ್ದೆ ಅಂತ ನಂಬಿದ್ದಕ್ಕೇ ಇಷ್ಟು ವರ್ಷ ಇದಾಗಿದ್ದು. ನೋಡಮ್ಮ."

ನೋಡಿದೆ. ಎರಡು ಮೀಸೆ. ತುದಿಯವರೆಗೆ. ಕೆಂಪು ಚೀಟಿ ಇದ್ದಲ್ಲೇ ಇತ್ತು. ಅದರ ಕೆಳಗೆ, ಅದೇ ಪಿನ್ನಿಗೆ, ಉಗುರಿನಷ್ಟು ಅಗಲದ ಹೊಸ ಬಿಳಿ ಚೀಟಿ. ನಡುಗುವ ಅಕ್ಷರ, ಆದರೂ ಓದಬಹುದಿತ್ತು: ಇದು ಹೋಲೋಟೈಪ್ ಅಲ್ಲ. ಅದು ನನ್ನ ಕೈಯಿಂದ ನಾಶವಾಯಿತು. ಕೆಳಗೆ ಅವರ ಸಹಿ, ಅಂದಿನ ತಾರೀಖು.

"ಕೆಂಪು ಚೀಟಿ ತೆಗೀಲಿಲ್ವಾ ಸಾರ್?"

"ಹಳೇ ಚೀಟಿ ತೆಗೀಬಾರ್ದು. ಸುಳ್ಳಾಗಿದ್ರೂ ಇರ್ಬೇಕು. ನಿಮಗೆ ಪಾಠ ಮಾಡಿದ್ದೆ, ನೀನು ಆವತ್ತು ಡಿಬೇಟಿಗೆ ಹೋಗಿದ್ದೆ ಅಂತ ಕಾಣುತ್ತೆ." ಅಷ್ಟೊತ್ತಿಗೆ ಅವರ ಮುಖದಲ್ಲಿ ನಗುವಿನಂಥದ್ದು ಏನೋ ಬಂದಿತ್ತು. ಜೇಬಿನಿಂದ ಇನ್ನೊಂದು ಬಿಳಿ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಖಾಲಿ. "ಪೆಟ್ಟಿಗೆ ಗುಬ್ಬಿಗೆ ಹೋಗಿದ್ದು ಹೆಂಗೆ ಅಂತ ನೀನೂ ಒಂದು ಬರಿ. ನಾನೊಬ್ಬನೇ ಇದ್ರೆ ನಿಮ್ಮ ಮೇಡಂ ಅರ್ಧ ಕಥೇನೇ ಓದಿದಂಗಾಗುತ್ತೆ."

ಪೆನ್ನು ತೆಗೆದುಕೊಂಡೆ. ವಿಷಯ ನನ್ನದಲ್ಲ, ತೀರ್ಮಾನ ಪ್ರಿನ್ಸಿಪಾಲರದು, ಕೋಣೆ ಬೇಕಿತ್ತು: ಮೂರೂ ಅಂಶ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿದೆ.

"ಸಾರ್, ಜಾಗ ಸಾಲಲ್ಲ."

"ವಾದಕ್ಕೆ ಸಾಲಲ್ಲ," ಎಂದರು ಮೇಷ್ಟ್ರು. "ಏನ್ ಮಾಡ್ದೆ ಅನ್ನೋದಷ್ಟೇ ಬರಿ."

ಬರೆದೆ. 'ಒಳಗೆ ಏನಿದೆ ಎಂದು ನೋಡದೆ ಮ್ಯೂಸಿಯಂ ಮುಚ್ಚಿಸಲು ಮಾತಾಡಿದವಳು' ಎಂದು ಬರೆದು, ಕೆಳಗೆ ನನ್ನ ಹೆಸರು. ಕೊನೆಯ ಅಕ್ಷರ ಚೀಟಿಯ ಅಂಚಿನಿಂದ ಹೊರಗೆ ಜಾರಿತು. ಇನ್ನೊಂದು ಚೀಟಿ ಕೊಡಿ ಸಾರ್, ನೀಟಾಗಿ ಬರೆಯುತ್ತೇನೆ ಎಂದು ತಲೆಯೆತ್ತಿದೆ. ಮೇಷ್ಟ್ರು ಆಗಲೇ ಪಿನ್ನು ಹಿಡಿದು, ನನ್ನ ಚೀಟಿಗಾಗಿ ಕೈ ಚಾಚಿದ್ದರು.